ಕೇಡಗಾಂವದ ಹೊಲದೊಡತಿ

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ವಿಜಾಪುರಕ್ಕೋ ಕಲಬುರ್ಗಿಗೋ ಹೋಗಿಬರುವ ನಮ್ಮ ಕುಟುಂಬಗಳಿಗೆ ಇಂದಾಪುರವು ಹೊಸ ಊರಲ್ಲ. ಬುತ್ತಿ ಬಿಚ್ಚಲು ಅಲ್ಲಿ ಇಳಿದವರು ನಮ್ಮಲ್ಲಿ ಬಹಳ ಮಂದಿ. ಈಗ ದಾರಿಯ ಎರಡು ಬದಿಗೂ ಕಬ್ಬು, ದಾಳಿಂಬೆ. ಭಿಗವಣದ ಹತ್ತಿರ ಉಜನಿ ಜಲಾಶಯದ ಹಿನ್ನೀರಿಗೆ ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುತ್ತವೆ; ಮಕ್ಕಳು ಗಾಡಿ ನಿಲ್ಲಿಸೆಂದು ಹಟ ಹಿಡಿಯುತ್ತಾರೆ. ಇಷ್ಟು ನೀರನ್ನು ಕಂಡವರಿಗೆ ಇದು ಬರದ ಸೀಮೆ ಎಂದು ಹೇಳಿದರೆ ನಂಬಿಕೆ ಬರುವುದಿಲ್ಲ. ಆದರೆ ಭೀಮಾ ನದಿಗೆ ಕಟ್ಟಿದ ಈ ಅಣೆಕಟ್ಟು ಮುಗಿದುದು ೧೯೮೦ರಲ್ಲಿ. ಅದಕ್ಕೆ ಮೊದಲು ಸಹ್ಯಾದ್ರಿಯನ್ನು ದಾಟಿ ಬಂದಷ್ಟೇ ಮಳೆ, ಬೆಳೆದಷ್ಟೇ ಜೋಳ.

ಇಂದಾಪುರದ ರೈತನಿಗೂ ನಮ್ಮ ಕಡೆಯ ರೈತನಿಗೂ ಒಂದು ಹಳೆಯ ನಂಟಿದೆ. ಇಂಗ್ಲಿಷರು ಮೊದಲು ಹಾಕಿದ ಕಂದಾಯವು ಈ ತಾಲ್ಲೂಕಿಗೆ ಹೊರಲಾರದಷ್ಟಾಗಿ, ಜನರು ಹೊಲಗಳನ್ನು ಬೀಳುಬಿಟ್ಟರು. ಆಗ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಹೊಲಹೊಲವನ್ನೂ ಅಳೆದು, ಮಣ್ಣಿನ ಗುಣ ನೋಡಿ, ೧೮೩೬ರಲ್ಲಿ ಮೂವತ್ತು ವರ್ಷಗಳ ಹೊಸ ಕಂದಾಯವನ್ನು ಗೊತ್ತುಮಾಡಿದರು. ಆ ಪದ್ಧತಿಯೇ ಮುಂದೆ ಧಾರವಾಡ ಸೀಮೆಗೂ ಬಂದಿತು. ಊರಲ್ಲಿ ಅಣ್ಣತಮ್ಮಂದಿರು ಇಂದಿಗೂ ಜಗಳವಾಡುವ ಆ ‘ಸರ್ವೆ ನಂಬರಿ’ನ ಬೇರು ಇಂದಾಪುರದಲ್ಲಿದೆಯೆಂದರೆ ತಪ್ಪಾಗಲಾರದು!

ಕಂದಾಯ ಇಳಿದರೂ ಮಳೆ ಬರಬೇಕಲ್ಲ? ಇದೇ ಒಣ ಸೀಮೆಯಲ್ಲಿ, ಇಂದಾಪುರದಿಂದ ಪುಣೆಯ ಕಡೆಗೆ ಹೊರಟರೆ ಸಿಕ್ಕುವ ದೌಂಡ ತಾಲ್ಲೂಕಿನ ಕೇಡಗಾಂವದಲ್ಲಿ, ನಮ್ಮ ಕನ್ನಡ ನೆಲದಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ಹೊಲ ಕೊಂಡು, ಬಾವಿ ತೋಡಿಸಿ, ಸಾವಿರಾರು ಮಂದಿಯ ಸಂಸಾರವನ್ನು ನಡೆಸಿದಳು. ಆಕೆಯನ್ನು ಲೋಕವು ಪಂಡಿತೆಯೆಂದು ಅರಿತಿದೆ. ರೈತಳೆಂದು ಅರಿತವರು ಕಡಿಮೆ. ಆಕೆ ಪಂಡಿತಾ ರಮಾಬಾಯಿ.

ರಮಾಬಾಯಿಯವರು ಹುಟ್ಟಿದುದು ೧೮೫೮ನೆಯ ಏಪ್ರಿಲ್ ೨೩ರಂದು, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಬೆಟ್ಟಸಾಲು ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಅವರ ಮೇಲೆ ಆಕ್ಷೇಪಣೆ ಬಂದಿತು. ಶಾಸ್ತ್ರಿಗಳು ಕಾಡಿಗೆ ಹೋಗಿ ನೆಲಸಿದರು. ಅಲ್ಲಿಗೂ ಶಿಷ್ಯರು ಬಂದರು, ಯಾತ್ರಿಕರು ಬಂದರು. ಬಂದವರಿಗೆಲ್ಲ ಅನ್ನವಿಕ್ಕಿ ಶಾಸ್ತ್ರಿಗಳ ಆಸ್ತಿ ಕರಗಿ ಸಾಲವಾಯಿತು. ಕೂಸಿಗೆ ಆರು ತಿಂಗಳು ತುಂಬಿದಾಗ ಕುಟುಂಬವು ಮನೆ ಬಿಟ್ಟು ಹೊರಟಿತು. ಆ ಮೇಲೆ ವರ್ಷಾನುಗಟ್ಟಲೆ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡಿಗೆ, ದೇವಾಲಯಗಳಲ್ಲಿ ಪುರಾಣಪಠಣ, ಕೇಳಿದವರು ಕೊಟ್ಟಷ್ಟು ಊಟ. ಮಗಳು ತಾಯಿಯಿಂದ ಸಂಸ್ಕೃತವನ್ನು ಕಲಿತಳು. ತಿರುಗಾಟದಲ್ಲಿ ಬಂದ ಹಲವು ಭಾಷೆಗಳಲ್ಲಿ ಕನ್ನಡವೂ ಒಂದು.

ಮಗಳಿಗೆ ಹದಿನಾರು ವರ್ಷವಾಗುವ ಹೊತ್ತಿಗೆ ದಕ್ಷಿಣದಲ್ಲಿ ಬರ ಬಿದ್ದಿತು. ಮುಂದೆ ಆಕೆಯೇ ಈ ದಿನಗಳನ್ನು ಕುರಿತು ಬರೆದಿದ್ದಾರೆ. ಇದ್ದ ಪಾತ್ರೆ ಬಟ್ಟೆ ಮಾರಿದ್ದಾಯಿತು. ತಿರುಪತಿಯ ಬಳಿಯ ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ, ಹಿಡಿಯಷ್ಟು ಕಾಡು ಈಚಲಹಣ್ಣು, ಅಷ್ಟೇ ಆಹಾರ. ತಂದೆ ತೀರಿಕೊಂಡರು, ಬಳಿಕ ತಾಯಿ, ಆ ಮೇಲೆ ಅಕ್ಕ. ತಾಯಿಯ ಶವಕ್ಕೆ ಹೆಗಲು ಕೊಡಲು ಜನ ಸಾಲದೆ ಮಗಳೂ ಹೊರಬೇಕಾಯಿತು. ಆಕೆ ಗಿಡ್ಡ, ಚಟ್ಟವು ಸಮನಾಗಿ ನಿಲ್ಲಲೆಂದು ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಇಟ್ಟುಕೊಂಡು ಮಸಣಕ್ಕೆ ನಡೆದಳು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ ಮಾತು ಬೇರೊಂದು. ಶಾಸ್ತ್ರವನ್ನೆಲ್ಲ ಬಲ್ಲ ತಮಗೆ ಕೈಕೆಲಸ ಒಂದೂ ಬರುತ್ತಿರಲಿಲ್ಲ, ಬೇಡುವುದಕ್ಕೂ ದುಡಿಯುವುದಕ್ಕೂ ಅಭಿಮಾನವು ಅಡ್ಡ ಬಂದಿತು ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಕೊನೆಗೆ ಅಣ್ಣ ಶ್ರೀನಿವಾಸನು ಕೂಲಿಗಾದರೂ ಹೋಗುತ್ತೇನೆಂದು ಎದ್ದಾಗ ಮೈಯಲ್ಲಿ ತ್ರಾಣವೇ ಉಳಿದಿರಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ ಕೇಡಗಾಂವದಲ್ಲಿ ಆಕೆ ಕಟ್ಟಿದುದೆಲ್ಲ ಆ ದಿನಗಳಿಗೆ ಕೊಟ್ಟ ಉತ್ತರವೆಂದು ನನಗೆ ತೋರುತ್ತದೆ.

ನಡುವಿನ ವರ್ಷಗಳು ಎಲ್ಲರಿಗೂ ತಿಳಿದವೇ. ೧೮೭೮ರಲ್ಲಿ ಕಲಕತ್ತೆಯ ವಿದ್ವಾಂಸರು ಆಕೆಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ೧೮೮೦ರಲ್ಲಿ ಅಣ್ಣನೂ ತೀರಿಹೋದನು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿಯವರೊಡನೆ ವಿವಾಹ. ೧೮೮೧ರಲ್ಲಿ ಮಗಳು ಮನೋರಮೆ ಹುಟ್ಟಿದಳು, ಮರುವರ್ಷದ ಫೆಬ್ರವರಿಯಲ್ಲಿ ಪತಿಯು ಕಾಲರಾಕ್ಕೆ ತುತ್ತಾದರು. ೧೮೮೩ರಲ್ಲಿ ಇಂಗ್ಲೆಂಡಿಗೆ ಹೋಗಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಅಮೆರಿಕೆಯನ್ನು ಸುತ್ತಿಬಂದು ೧೮೮೯ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು.

ಹೊಲದ ಯೋಚನೆ ಬಂದುದು ಇಲ್ಲಿ. ಅಮೆರಿಕೆಯ ಹಿತೈಷಿಗಳು ಹತ್ತು ವರ್ಷ ಹಣ ಕಳುಹಿಸುವುದಾಗಿ ಮಾತು ಕೊಟ್ಟಿದ್ದರು. ಹತ್ತು ವರ್ಷ ಮುಗಿದ ಮೇಲೆ? ಮನೆಯೊಡತಿಯರಾದ ನಮ್ಮ ಸೋದರಿಯರಿಗೆ ಈ ಪ್ರಶ್ನೆಯ ತೂಕವನ್ನು ಹೇಳಬೇಕಾಗಿಲ್ಲ. ರಮಾಬಾಯಿಯವರು ರೈಲುದಾರಿಗೆ ಹತ್ತಿರದಲ್ಲಿ, ಕೇಡಗಾಂವದಲ್ಲಿ, ಸುಮಾರು ನೂರು ಎಕರೆ ಜಮೀನನ್ನು ಕೊಂಡರು. ಹಣ್ಣಿನ ಗಿಡ ಹಾಕಿ, ಫಲ ಮಾರಿ, ಶಾಲೆಯನ್ನು ಅದರ ಮೇಲೆಯೇ ನಡೆಸಬೇಕೆಂಬುದು ಎಣಿಕೆ. ಬಾವಿಗಳನ್ನು ತೋಡಿಸಿದರು. ಪುರಾಣ ಹೇಳಿ ಬದುಕಿದ ಮನೆತನದ ಮಗಳು ಈಗ ಮೋಡ ನೋಡಿ ದಿನ ಎಣಿಸುವವಳಾದಳು.

ಗಿಡಗಳು ಫಲ ಕೊಡುವವರೆಗೆ ಕಾಲವು ಕಾಯಲಿಲ್ಲ. ೧೮೯೬-೯೭ರಲ್ಲಿ ಮಧ್ಯಪ್ರಾಂತದಲ್ಲಿ ಬರ. ಸುದ್ದಿ ಕೇಳಿದೊಡನೆ ತನ್ನ ಹಳೆಯ ಹಸಿವು ನೆನಪಾಗಿ ಸುಮ್ಮನಿರಲಾಗಲಿಲ್ಲವೆಂದು ಅವರು ಬರೆದಿದ್ದಾರೆ. ತಾವೇ ಹೋಗಿ ಸುಮಾರು ಮುನ್ನೂರು ಮಂದಿ ಅನಾಥ ಹೆಣ್ಣುಮಕ್ಕಳನ್ನೂ ಬಾಲವಿಧವೆಯರನ್ನೂ ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಅಷ್ಟು ಮಂದಿಯನ್ನು ಊರಲ್ಲಿ ಇರಿಸಲು ಅಪ್ಪಣೆಯಿಲ್ಲ. ಮಕ್ಕಳೆಲ್ಲ ಹೊಲಕ್ಕೆ ಬಂದರು. ಹಣ್ಣಿನ ತೋಟವಾಗಬೇಕಿದ್ದ ನೆಲದಲ್ಲಿ ಗುಡಾರ, ಚಪ್ಪರಗಳೆದ್ದವು. ೧೮೯೮ರಲ್ಲಿ ಅದಕ್ಕೆ ‘ಮುಕ್ತಿ’ ಎಂದು ಹೆಸರಾಯಿತು. ಎರಡು ವರ್ಷ ಕಳೆಯುವುದರೊಳಗೆ ಗುಜರಾತ, ರಾಜಪುತಾನಗಳಲ್ಲಿ ಇನ್ನೂ ಘೋರವಾದ ಬರ. ೧೯೦೦ರ ಹೊತ್ತಿಗೆ ಮುಕ್ತಿಯಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಏರಿತು. ತಲೆಗೆ ಎರಡು ರೊಟ್ಟಿ ಎಂದು ಹಿಡಿದರೂ ಒಂದು ಹೊತ್ತಿಗೆ ನಾಲ್ಕು ಸಾವಿರ ರೊಟ್ಟಿ ಬಡಿಯಬೇಕು. ನಾಲ್ಕು ಮಂದಿ ನೆಂಟರು ಬಂದರೆ ಒಲೆಯ ಮುಂದೆ ನಿಟ್ಟುಸಿರು ಬಿಡುವ ನಾವು ಈ ಲೆಕ್ಕವನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಹೊಲವೊಂದೇ ಇಷ್ಟು ಮಂದಿಯನ್ನು ಸಾಕಿತೆಂದರೆ ಅದು ಸುಳ್ಳಾದೀತು. ದೂರದೇಶಗಳ ಭಕ್ತರ ಕಾಣಿಕೆ ಬರುತ್ತಲೇ ಇದ್ದಿತು. ಆದರೆ ಮುಕ್ತಿಯಲ್ಲಿ ಕೈಕೆಲಸವಿಲ್ಲದವರು ಯಾರೂ ಇರಲಿಲ್ಲ. ಹೊಲಗೆಲಸ, ಹೈನು, ಎಣ್ಣೆಗಾಣ, ಮಗ್ಗ, ಹೊಲಿಗೆ, ಬಟ್ಟೆ ಒಗೆಯುವುದು, ಅಚ್ಚುಕೂಟ. ಹಿರಿಯ ಹುಡುಗಿಯರು ಕಿರಿಯರಿಗೆ ಅಕ್ಕ, ತಾಯಿ. ಕಣ್ಣಿಲ್ಲದ ಮಕ್ಕಳಿಗೆ ಬ್ರೈಲ್ ಲಿಪಿಯನ್ನು ಮನೋರಮೆ ತಾನು ಕಲಿತುಬಂದು ಕಲಿಸಿದರು. ಶಾಸ್ತ್ರ ಬಲ್ಲ ಹೆಣ್ಣು ಹಸಿವಿನಿಂದ ಸಾಯಬಹುದೆಂಬುದನ್ನು ಕಂಡವರಿಗೆ ಅಕ್ಷರವೊಂದೇ ಸಾಕೆಂದು ಹೇಗೆ ತೋರೀತು?

ಇನ್ನು ಇಗರ್ಜಿಯ ಮಾತು. ೧೮೯೯ರಲ್ಲಿ ಮುಕ್ತಿಯ ಆವರಣದಲ್ಲಿ ದೊಡ್ಡದೊಂದು ಪ್ರಾರ್ಥನಾಮಂದಿರಕ್ಕೆ ಅಡಿಗಲ್ಲಿಟ್ಟರು. ಮಕ್ಕಳು ನಮ್ಮ ಭಜನೆಯ ಮನೆಗಳಲ್ಲಿ ಕೂಡುವಂತೆ ನೆಲದ ಮೇಲೆಯೇ ಕುಳಿತು ಪ್ರಾರ್ಥಿಸುತ್ತಿದ್ದರು. ರಮಾಬಾಯಿಯವರು ಕೊನೆಯವರೆಗೂ ಸಸ್ಯಾಹಾರಿ, ಉಡುವುದು ಬಿಳಿಯ ನೂಲಿನ ಸೀರೆ. ಇಂಗ್ಲೆಂಡಿನಲ್ಲಿದ್ದಾಗಲೇ, ಒಂದು ಪುರೋಹಿತವರ್ಗದ ನೊಗವನ್ನು ಕಷ್ಟಪಟ್ಟು ಇಳಿಸಿದ ತಾನು ಇನ್ನೊಂದಕ್ಕೆ ಕೊರಳು ಕೊಡಲಾರೆನೆಂಬ ಅರ್ಥದ ಮಾತನ್ನು ತನ್ನ ಗುರುವಿಗೇ ಬರೆದು ತಿಳಿಸಿದ್ದರು. ಇತ್ತ ಪುಣೆಯವರೂ ಆಕೆಯನ್ನು ಸುಲಭವಾಗಿ ಬಿಡಲಿಲ್ಲ. ಸದನದ ಹುಡುಗಿಯರು ಕ್ರೈಸ್ತಮತದ ಕಡೆ ಒಲಿಯುತ್ತಿದ್ದಾರೆಂದು ೧೮೯೩ರಲ್ಲಿ ದೊಡ್ಡ ಗದ್ದಲವೆದ್ದು, ಅನೇಕ ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಹಸಿದವರಿಗೆ ಅನ್ನದೊಡನೆ ಮತವನ್ನೂ ಬಡಿಸಿದರೆಂಬ ಆಕ್ಷೇಪಣೆಯು ಇಂದಿಗೂ ಕೇಳಿಬರುತ್ತದೆ. ಅದನ್ನು ಆಡುವವರೆಲ್ಲ ದ್ವೇಷಿಗಳೆಂದು ನಾನು ಹೇಳಲಾರೆ. ಆದರೆ ಆ ಬರದಲ್ಲಿ ದಾರಿಬದಿಯ ಮಕ್ಕಳನ್ನು ಎತ್ತಿಕೊಳ್ಳಲು ನಡೆದುಹೋದವರು ಎಷ್ಟು ಮಂದಿ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತಾಯಿಗೆ ಬಲಗೈಯಾಗಿದ್ದವಳು ಮನೋರಮೆ. ೧೯೧೨ರಲ್ಲಿ, ಆಗ ನಿಜಾಮರ ಸೀಮೆಯಲ್ಲಿದ್ದ ನಮ್ಮ ಕಲಬುರ್ಗಿಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದು ಆಕೆಯೇ ಅದರ ಮುಖ್ಯಸ್ಥೆಯಾದಳು. ಗಂಗಾಮೂಲದಿಂದ ಆರು ತಿಂಗಳ ಕೂಸಾಗಿ ಹೊರಟವಳ ಮಗಳು ಕನ್ನಡದ ನೆಲಕ್ಕೆ ಹೀಗೆ ಮರಳಿ ಬಂದಳು. ೧೯೨೧ರಲ್ಲಿ ಮನೋರಮೆ ತಾಯಿಗಿಂತ ಮೊದಲೇ ತೀರಿಕೊಂಡಳು.

ರಮಾಬಾಯಿಯವರು ಆಗ ಬೈಬಲನ್ನು ಹೀಬ್ರೂ ಗ್ರೀಕ್ ಮೂಲಗಳಿಂದ ಮರಾಠಿಗೆ, ಹಳ್ಳಿಯ ಹೆಂಗಸರಿಗೂ ತಿಳಿಯುವಂತೆ, ತರುತ್ತಿದ್ದರು. ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಮುಕ್ತಿಯ ಹುಡುಗಿಯರೇ. ಕೊನೆಯ ಕರಡನ್ನು ತಿದ್ದಿ ಮುಗಿಸಿ, ೧೯೨೨ನೆಯ ಏಪ್ರಿಲ್ ೫ರಂದು ಅವರು ಕಣ್ಣು ಮುಚ್ಚಿದರು.

ಮುಕ್ತಿಯು ಇಂದಿಗೂ ಕೇಡಗಾಂವದಲ್ಲಿದೆ. ಹೆದ್ದಾರಿಯಲ್ಲಿ ಬರುವವರು ಇಂದಾಪುರ, ಭಿಗವಣ, ಪಾಟಸ ದಾಟಿ ಚೌಫುಲಾದಲ್ಲಿ ತಿರುಗಬೇಕು. ರೈಲಿನಲ್ಲಾದರೆ ದೌಂಡ ಬಿಟ್ಟು ಪುಣೆಯ ಕಡೆ ಹೊರಟ ಮೇಲೆ ನಿಲ್ದಾಣದ ಹಳದಿ ಫಲಕವನ್ನು ನೋಡುತ್ತಿರಬೇಕು. ಕಲಬುರ್ಗಿಯಿಂದ ಬರುವ ವೇಗದ ಗಾಡಿಗಳಲ್ಲಿ ಬಹಳಷ್ಟು ಅಲ್ಲಿ ನಿಲ್ಲುವುದಿಲ್ಲ.