ಬೆಟ್ಟ ಇಳಿಯುವ ಮೊಪೆಡ್ಡಿನ ಬ್ರೇಕ್ ಸರಿಯಿದೆಯೇ?

ಹನೂರು, ಕೊಳ್ಳೇಗಾಲ, ಯಳಂದೂರು ಕಡೆ ಹುಲ್ಲಿನ ಹೊರೆ, ಹಾಲಿನ ಕ್ಯಾನು, ರೇಷ್ಮೆಗೂಡು, ರಾಗಿ ಮೂಟೆ ಎಲ್ಲಾ ಮೊಪೆಡ್ ಮೇಲೇ ಹೋಗುತ್ತೆ. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತೆ, ಅಷ್ಟೆ. ಬ್ರೇಕ್ ಕೆಟ್ಟರೆ ನಿಲ್ಲೋದೇ ಇಲ್ಲ. ಇವುಗಳಲ್ಲಿ ಹೆಚ್ಚಿನವಕ್ಕೆ ಇರುವುದು ಡ್ರಮ್ ಬ್ರೇಕು.

ಕೆಲಸ ಮಾಡುವ ಬಗೆ: ಎತ್ತಿನ ಗಾಡಿಯಲ್ಲಿ ಮರದ ತುಂಡು ಗಾಲಿಯನ್ನು ಹೊರಗಿಂದ ಒತ್ತುತ್ತಿತ್ತು. ಇಲ್ಲಿ ಒಳಗಿಂದ. ಗಾಲಿಯ ಪೊಳ್ಳು ಗುಂಬವೇ ಡ್ರಮ್. ಅದರೊಳಗೆ ಅರ್ಧಚಂದ್ರದಂಥ ಎರಡು ಶೂ. ಲಿವರ್ ಹಿಡಿದರೆ ಕೇಬಲ್ ಎಳೆದು ಕ್ಯಾಮ್ ತಿರುಗುತ್ತೆ, ಶೂಗಳು ಅಗಲಿಸಿ ಡ್ರಮ್ಮಿಗೆ ಒತ್ತುತ್ತವೆ. ಬಿಟ್ಟರೆ ಸ್ಪ್ರಿಂಗ್ ಹಿಂದಕ್ಕೆಳೆಯುತ್ತೆ.

ಬೆಟ್ಟದಲ್ಲಿ ಕೈ ಕೊಡುವುದೇಕೆ? ಒತ್ತಿದಷ್ಟೂ ಶಾಖ. ಮಾದಪ್ಪನ ಬೆಟ್ಟದಿಂದ ತಾಳಬೆಟ್ಟಕ್ಕೆ ಮೂಟೆ ಹೇರಿಕೊಂಡು, ಬ್ರೇಕ್ ಹಿಡಿದೇ ಇಳಿದರೆ ಡ್ರಮ್ ಕಾದು ಹಿಗ್ಗುತ್ತೆ, ಶೂ ಮೇಲಿನ ಲೈನಿಂಗ್ ಹಿಡಿತ ಬಿಡುತ್ತೆ. ಲಿವರ್ ಪೂರಾ ಎಳೆದರೂ ಗಾಡಿ ಓಡುತ್ತಲೇ ಇರುತ್ತೆ. ಅದಕ್ಕೇ ಮೊದಲಿಂದಲೂ ನಿಧಾನವಾಗಿ ಇಳಿಯಿರಿ. ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು, ವೇಗ ತಗ್ಗಿದ ಮೇಲೆ ಬಿಡಿ. ನಡುನಡುವೆ ನಿಲ್ಲಿಸಿ ಆರಲು ಬಿಡಿ. ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬಿರುಕು ಬಿಟ್ಟೀತು. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ಇಳಿಯುವುದು ಬೇಡವೇ ಬೇಡ. ಹಳ್ಳ ದಾಟಿದ ಮೇಲೆ ಒದ್ದೆ ಶೂ ಹಿಡಿಯದು. ನಿಧಾನವಾಗಿ ಓಡಿಸುತ್ತಾ ಮೆಲ್ಲಗೆ ಬ್ರೇಕ್ ಹಿಡಿದು ಒಣಗಿಸಿ.

ಮನೆಯಲ್ಲೇ ಮಾಡಬಹುದಾದ್ದು: ಗಾಡಿ ಆರಿರಬೇಕು. ಸಮತಟ್ಟು ಜಾಗದಲ್ಲಿ ಸ್ಟ್ಯಾಂಡ್ ಹಾಕಿ, ಕೀ ತೆಗೆದು, ನೆಲದ ಮೇಲಿರುವ ಗಾಲಿಗೆ ಕಲ್ಲು ಕೊಡಿ. ಲಿವರ್ ಸಡಿಲವಿದ್ದರೆ ಗಾಲಿ ಪಕ್ಕದ ನಟ್ಟನ್ನು ಅರ್ಧರ್ಧ ಸುತ್ತು ಬಿಗಿ ಮಾಡಿ. ಪ್ರತಿ ಸಲ ಗಾಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಉಜ್ಜುವ ಸದ್ದು ಬಂದರೆ ಬಿಗಿ ಜಾಸ್ತಿಯಾಯಿತು. ಹಾಗೇ ಓಡಿಸಿದರೆ ಸುಮ್ಮನೆ ಕಾಯುತ್ತೆ. ನಟ್ಟು ಕೊನೆ ಮುಟ್ಟಿದ್ದರೆ ಶೂ ಮುಗಿದಿದೆ ಎಂದೇ ಅರ್ಥ.

ಬಿಚ್ಚಿದಾಗ:

1. ಒಳಗಿನ ಧೂಳನ್ನು ಬಾಯಲ್ಲಿ ಊದಬೇಡಿ, ಪಂಪಿನ ಗಾಳಿಯೂ ಬೇಡ. ಕೆಲವು ಲೈನಿಂಗಿನಲ್ಲಿ ಕಲ್ನಾರು ಇರುತ್ತೆ, ಅದು ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಕಟ್ಟಿ ಬಿಸಾಡಿ.

2. ಲೈನಿಂಗ್ 2 ಮಿ.ಮೀ.ಗೆ ಸವೆದಿದ್ದರೆ, ಇಲ್ಲಾ ಆಯಿಲ್ ಕುಡಿದಿದ್ದರೆ, ಎರಡೂ ಶೂ ಹೊಸದು ಹಾಕಿ. ಒಂದನ್ನೇ ಬದಲಿಸಬಾರದು.

3. ಕ್ಯಾಮಿಗೆ ಗ್ರೀಸ್ ಚೂರೇ ಚೂರು ಸವರಿ. ಶೂಗೆ, ಡ್ರಮ್ಮಿಗೆ ತಾಗಿದರೆ ಹಿಡಿತ ಹೋಯಿತು.

4. ಗಾಲಿ ಕೂರಿಸುವಾಗ ಬ್ರೇಕ್ ಪ್ಲೇಟಿನ ಕಚ್ಚು ಮೊದಲಿನ ಜಾಗದಲ್ಲೇ ಸಿಕ್ಕಿಕೊಳ್ಳಬೇಕು. ತಪ್ಪಿದರೆ ಬ್ರೇಕ್ ಹಿಡಿದಾಗ ಪ್ಲೇಟೇ ತಿರುಗಿ ಗಾಲಿ ಸಿಕ್ಕಿಹಾಕಿಕೊಳ್ಳುತ್ತೆ.

ಕೆಲಸ ಮುಗಿದ ಮೇಲೆ ಹೊರೆ ಹೇರದೆ, ನಡಿಗೆಯ ವೇಗದಲ್ಲಿ ಅಂಗಳದಲ್ಲೇ ಓಡಿಸಿ ನೋಡಿ. ಡ್ರಮ್ಮಿನಲ್ಲಿ ಗೀರು, ಬಿರುಕು ಕಂಡರೆ ಮೆಕ್ಯಾನಿಕ್ ಹತ್ತಿರವೇ ಒಯ್ಯಿರಿ. ಶೂಗೆ ಕೊಡುವ ದುಡ್ಡು ಆಸ್ಪತ್ರೆ ಬಿಲ್ಲಿನ ಮುಂದೆ ಏನೂ ಅಲ್ಲ.