ಮೇಲಧಿಕಾರಿ ಎಂಥವರಿರಬೇಕು? ಎರಡು ಉಡಾವಣೆಗಳು ಕಲಿಸಿದ ಪಾಠ

ಮೇಲಧಿಕಾರಿಯ ಯೋಗ್ಯತೆ ತಿಳಿಯುವುದು ಕೆಲಸ ಕೆಟ್ಟಾಗ. ಬಾಹ್ಯಾಕಾಶ ಕ್ಷೇತ್ರದ ಎರಡು ಘಟನೆಗಳು ಇದಕ್ಕೆ ಉತ್ತಮ ನಿದರ್ಶನಗಳಾಗಿವೆ.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಮೇಲೇರಿದ ಎಸ್‌ಎಲ್‌ವಿ-3 ರಾಕೆಟ್ ಕೆಲವೇ ನಿಮಿಷಗಳಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯ ಕವಾಟವೊಂದು ಸಿಲುಕಿಕೊಂಡು ನೈಟ್ರಿಕ್ ಆಮ್ಲ ಸೋರಿಹೋದುದೇ ಇದಕ್ಕೆ ಕಾರಣವಾಗಿತ್ತು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಆದರೆ ಪತ್ರಕರ್ತರನ್ನು ಎದುರಿಸಿ ವೈಫಲ್ಯದ ಹೊಣೆ ಹೊತ್ತವರು ಇಸ್ರೊ ಅಧ್ಯಕ್ಷರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಸತೀಶ್ ಧವನ್. 1980ರ ಜುಲೈ 18ರಂದು ಎಸ್‌ಎಲ್‌ವಿ-3 ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದು ಧವನ್ ತಾವು ಹಿಂದೆ ಸರಿದು ಪತ್ರಿಕಾಗೋಷ್ಠಿಯನ್ನು ಕಲಾಂ ಅವರಿಗೆ ಒಪ್ಪಿಸಿದರು. ಈ ಪ್ರಸಂಗವನ್ನು ಕಲಾಂ ಮುಂದೆ ಅನೇಕ ಸಭೆಗಳಲ್ಲಿ ಸ್ಮರಿಸಿದರು.

ಇದನ್ನು ಬರಿಯ ಸೌಜನ್ಯವೆಂದು ಭಾವಿಸಲಾಗದು. ತಪ್ಪಾದರೆ ತಮ್ಮನ್ನು ಬಲಿಗೊಡುವುದಿಲ್ಲವೆಂಬ ನಂಬಿಕೆಯಿದ್ದರೆ ಮಾತ್ರ ಕೈಕೆಳಗಿನವರು ದೋಷವನ್ನು ಮುಚ್ಚಿಡದೆ ಹೇಳುತ್ತಾರೆ. ಹೇಳಿದ ದೋಷವನ್ನಷ್ಟೇ ಸರಿಪಡಿಸಲು ಸಾಧ್ಯ.

ಇದಕ್ಕೆ ವ್ಯತಿರಿಕ್ತವಾದ ಘಟನೆ ಅಮೆರಿಕದಲ್ಲಿ ನಡೆಯಿತು. ಚಾಲೆಂಜರ್ ಬಾಹ್ಯಾಕಾಶ ನೌಕೆಯ ಉಡಾವಣೆಯ ಹಿಂದಿನ ರಾತ್ರಿ, ಅಂದರೆ 1986ರ ಜನವರಿ 27ರಂದು, ಅದರ ಬೂಸ್ಟರ್ ರಾಕೆಟ್ ತಯಾರಿಸಿದ್ದ ಮಾರ್ಟನ್ ಥಿಯೊಕೋಲ್ ಸಂಸ್ಥೆಯ ಎಂಜಿನಿಯರುಗಳು ಎಚ್ಚರಿಕೆ ನೀಡಿದ್ದರು. ಚಳಿಗೆ ರಬ್ಬರಿನ ಓ-ರಿಂಗುಗಳು ಬಿರುಸಾಗುತ್ತವೆ, ಉಡಾವಣೆ ಬೇಡ ಎಂಬುದು ಅವರ ವಾದ. ನಾಸಾ ಅಧಿಕಾರಿಗಳು ಅಸಮಾಧಾನ ತೋರಿದೊಡನೆ ಸಂಸ್ಥೆಯ ನಾಲ್ವರು ಹಿರಿಯ ವ್ಯವಸ್ಥಾಪಕರು ಎಂಜಿನಿಯರುಗಳ ಮಾತನ್ನು ಬದಿಗಿಟ್ಟು ಒಪ್ಪಿಗೆಯಿತ್ತರು. ಉಡಾವಣೆ ಸುರಕ್ಷಿತವೆಂದು ಅಧಿಕಾರಿಗಳು ರುಜುವಾತುಪಡಿಸುವ ಬದಲು, ಅದು ಅಪಾಯಕಾರಿಯೆಂದು ಎಂಜಿನಿಯರುಗಳೇ ರುಜುವಾತುಪಡಿಸಬೇಕಾದ ಸ್ಥಿತಿ ಅಂದು ಉಂಟಾಯಿತು.

ಮರುದಿನ ಮೇಲೇರಿದ 73 ಸೆಕೆಂಡುಗಳಲ್ಲಿ ನೌಕೆ ಛಿದ್ರಗೊಂಡು ಏಳು ಮಂದಿ ಅಸುನೀಗಿದರು. ಅಂತಿಮ ಅನುಮತಿ ನೀಡಿದ ಉನ್ನತಾಧಿಕಾರಿಗಳಿಗೆ ಎಂಜಿನಿಯರುಗಳ ಆಕ್ಷೇಪದ ಸುದ್ದಿಯೇ ತಲುಪಿರಲಿಲ್ಲವೆಂಬುದು ರೋಜರ್ಸ್ ಆಯೋಗದ ತನಿಖೆಯಿಂದ ಬೆಳಕಿಗೆ ಬಂತು.

ಕಾರ್ಖಾನೆಯಿರಲಿ, ಆಸ್ಪತ್ರೆಯಿರಲಿ, ಸರ್ಕಾರಿ ಕಚೇರಿಯಿರಲಿ, ಪಾಠ ಒಂದೇ. ಮೇಲಿನವರ ಮುಖ ನೋಡಿ ಮಾತನಾಡುವ ವಾತಾವರಣದಲ್ಲಿ ಅಹಿತಕರ ಸತ್ಯ ಕೆಳಹಂತದಲ್ಲೇ ಉಳಿದುಬಿಡುತ್ತದೆ. ಆದ್ದರಿಂದ ಹೊಣೆಯರಿತ ಮೇಲಧಿಕಾರಿ ಕೆಟ್ಟ ಸುದ್ದಿಯನ್ನು ತಾನೇ ಕೇಳಿ ಪಡೆಯಬೇಕು, ತಂದವನನ್ನು ದಂಡಿಸಬಾರದು, ‘ಬೇಡ’ ಎಂದವನ ಕಾರಣವನ್ನು ದಾಖಲಿಸಿ ತನ್ನ ಮೇಲಿನವರಿಗೂ ಮುಟ್ಟಿಸಬೇಕು.