ಇತಿಹಾಸದ ಕತ್ತಲಲ್ಲಿ ಪತ್ತೇದಾರಿ

ಪ್ರಶ್ನೆ: ಇತಿಹಾಸ ಮತ್ತು ಪತ್ತೇದಾರಿ ಎರಡೂ ಬೆರೆತ ಕಾದಂಬರಿಗಳನ್ನು ಓದುವ ಆಸೆ. ಯಾವುದರಿಂದ ಆರಂಭಿಸಲಿ?

ಉತ್ತರ: ಕನ್ನಡದಲ್ಲೇ ಆರಂಭಿಸಬಹುದು. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ ಮುಸುಕಿನ ಜೋಳದ ತೆನೆಯಂಥ ವಸ್ತುವಿನ ಬೆನ್ನು ಹತ್ತುತ್ತದೆ. ಅವರ ‘ಕರಿಸಿರಿಯಾನ’ದ ಕುತೂಹಲ ವಿಜಯನಗರದ ಸಂಪತ್ತಿನದು. 1565ರ ಯುದ್ಧದ ನಂತರ ಆನೆಗಳ ಮೇಲೆ ಸಾಗಿಹೋಯಿತೆನ್ನುವ ಆ ಸಿರಿ ಎಲ್ಲಿ ಸೇರಿತು? ಕತೆಯ ನಡುವೆ ಆಧಾರಗಳನ್ನೂ ಒದಗಿಸುವುದು ಗಣೇಶಯ್ಯನವರ ರೀತಿ. ಹಾಗಾಗಿ ಓದುಗರೂ ಶೋಧದಲ್ಲಿ ಪಾಲುದಾರರಾಗುತ್ತಾರೆ.

ಈ ಪ್ರಕಾರದ ಶಿಖರವೆಂದರೆ ಇಟಲಿಯ ಉಂಬರ್ಟೊ ಇಕೊ 1980ರಲ್ಲಿ ಪ್ರಕಟಿಸಿದ ‘ದಿ ನೇಮ್ ಆಫ್ ದಿ ರೋಸ್’. 1327ರ ಒಂದು ಕ್ರೈಸ್ತ ಮಠ, ಚಕ್ರವ್ಯೂಹದಂಥ ಗ್ರಂಥಾಲಯ, ಒಬ್ಬರ ಹಿಂದೊಬ್ಬರು ಸಾಯುವ ಸನ್ಯಾಸಿಗಳು. ಏಳು ದಿನಗಳಲ್ಲಿ ನಡೆಯುವ ಕತೆ. ಮೊದಲ ನೂರು ಪುಟಗಳಲ್ಲಿ ಧರ್ಮಜಿಜ್ಞಾಸೆಯ ಭಾರವಿದೆ. ಅಲ್ಲಿ ಪುಸ್ತಕ ಮುಚ್ಚಿಡಬಾರದು, ಆ ವಾದಗಳಲ್ಲೇ ಕೊಲೆಯ ಬೇರು ಅಡಗಿದೆ.

ರಕ್ತಪಾತ ಬೇಡವೆನ್ನುವವರಿಗೆ ಜೋಸೆಫಿನ್ ಟೇ ಅವರ ‘ದಿ ಡಾಟರ್ ಆಫ್ ಟೈಮ್’ (1951) ಇದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವ ಪೊಲೀಸ್ ಅಧಿಕಾರಿ ಅಲನ್ ಗ್ರಾಂಟ್, ದೊರೆ ಮೂರನೇ ರಿಚರ್ಡ್ ತನ್ನ ಅಣ್ಣನ ಮಕ್ಕಳನ್ನು ನಿಜಕ್ಕೂ ಕೊಲ್ಲಿಸಿದನೇ ಎಂದು ಹಳೆಯ ದಾಖಲೆಗಳಿಂದಲೇ ತನಿಖೆ ಮಾಡುತ್ತಾನೆ. 1990ರಲ್ಲಿ ಬ್ರಿಟನ್ನಿನ ಅಪರಾಧ ಸಾಹಿತಿಗಳ ಸಂಘ ಸಾರ್ವಕಾಲಿಕ ಶ್ರೇಷ್ಠ ಅಪರಾಧ ಕಾದಂಬರಿಗಳ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ ಕೊಟ್ಟಿತು.

ಹಗುರವಾದ ಓದು ಬೇಕೆಂದರೆ ಹರಿಣಿ ನಾಗೇಂದ್ರ ಅವರ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’. ಗಣಿತಪ್ರೇಮಿ ಗೃಹಿಣಿ ಕಾವೇರಿ 1921ರ ಬೆಂಗಳೂರಿನಲ್ಲಿ ಕೊಲೆಗಾರನನ್ನು ಹುಡುಕುತ್ತಾಳೆ.